ಜುಲೈ ಇಪ್ಪತ್ತರ ಚುಚ್ಚುಮದ್ದು

ಭಾನುವಾರ, ಮಾರ್ಚ್ ೧೪
ಮಧ್ಯಾಹ್ನ ಎರಡೂವರೆ

ನನ್ನ ಪಟಾಕಿಗೆ,

ಅಮ್ಮ ಈಗಷ್ಟೇ ಕಣ್ಣು ಮುಚ್ಚಿದ್ದಾಳೆ. ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಹರಡಿಕೊಂಡು ನಿಂತೇ ಬರೆಯುತ್ತಿದ್ದೇನೆ. ಕುರ್ಚಿ ಎಳೆದರೆ ಸದ್ದಾಗಿ ಎದ್ದುಬಿಡುತ್ತಾಳೆ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂಬ ಮೊದಲ ಸಾಲನ್ನು ಈ ಸಲ ಬಿಟ್ಟಿದ್ದೇನೆ. ನೀನು ಅಲ್ಲಿ ಚೆನ್ನಾಗಿಲ್ಲ ಎಂದು ನಿನ್ನ ಪತ್ರವೇ ಹೇಳಿತು, ಹಾಗಾಗಿ ಕೇಳುವುದೂ ಇಲ್ಲ.

ನಿನ್ನ ಪತ್ರ ಬುಧವಾರ ಬಂತು. ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಒಂದು ಸಲ, ಬರುವ ಬಸ್ಸಿನಲ್ಲಿ ಎರಡು ಸಲ ಓದಿದೆ. ಮುಂದಿನ ತಿಂಗಳ ಕೊನೆಗೆ ಕಾರ್ಖಾನೆಯ ಕೆಲಸ ಬಿಡುತ್ತೇನೆ, ನಮ್ಮ ಯಜಮಾನರು ವರ್ಗಾವಣೆ ಕೇಳಿದ್ದಾರೆ, ಮನೆ ಖಾಲಿ ಮಾಡಿ ಮಗುವನ್ನು ಕಟ್ಟಿಕೊಂಡು ಅಲ್ಲಿಗೇ ಬಂದುಬಿಡುತ್ತೇವೆ, ಇನ್ನು ಅಮ್ಮ ನನ್ನ ಜವಾಬ್ದಾರಿ, ನೀನು ಅರ್ಧಕ್ಕೆ ಬಿಟ್ಟುಬಂದ ತರಬೇತಿ ಮುಗಿಸು ಅಕ್ಕಾ ಎಂದು ಬರೆದಿದ್ದೀಯೆ. ‘ನನ್ನ ತಪ್ಪು’ ಎಂಬ ಮಾತು ಆ ಪತ್ರದಲ್ಲಿ ಹನ್ನೊಂದು ಸಲ ಇದೆ. ಎಣಿಸುವುದು ನನ್ನ ಕಸುಬು, ಬೇಡವೆಂದರೂ ಎಣಿಸಿಬಿಡುತ್ತೇನೆ.

ಬರಬೇಡ. ಕೆಲಸ ಬಿಡಬೇಡ. ಅಮ್ಮನ ಬೆನ್ನು ಮುರಿದದ್ದು ನಿನ್ನಿಂದಲ್ಲ, ನನ್ನಿಂದ.

ಇದನ್ನು ಫೋನಿನಲ್ಲಿ ಹೇಳಲು ಮೂರು ಸಲ ನೋಡಿದೆ. ನೀನು ‘ಹಲೋ’ ಅನ್ನುವ ಮೊದಲೇ ‘ಕ್ಷಮಿಸು ಅಕ್ಕಾ’ ಅನ್ನುತ್ತೀಯೆ, ನಾನು ಬೇರೆ ಮಾತಿಗೆ ಹೊರಳಿಬಿಡುತ್ತೇನೆ. ಕಾಗದ ನಡುವೆ ಬಾಯಿ ಹಾಕುವುದಿಲ್ಲ. ದಯವಿಟ್ಟು ಕೊನೆಯವರೆಗೂ ಓದು, ಆಮೇಲೆ ಎಷ್ಟು ಬೇಕಾದರೂ ಸಿಡಿ.

ನಿನ್ನ ಲೆಕ್ಕದಲ್ಲಿ ನಡೆದದ್ದು ಇಷ್ಟು. ಅಮ್ಮ ನಿಮ್ಮ ಮನೆಯಲ್ಲಿದ್ದಾಗ, ನವೆಂಬರಿನ ಆ ಬೆಳಿಗ್ಗೆ, ನೀನು ಮಹಡಿಯ ಮೇಲೆ ಬಟ್ಟೆ ಒಣಹಾಕಲು ಹೋದೆ. ಕೆಳಗೆ ನಿನ್ನ ಮಗಳು ಮರಿ ಅತ್ತಳು. ಅಮ್ಮ ಬಗ್ಗಿ ಅವಳನ್ನು ಎತ್ತಿಕೊಂಡಳು, ಬೆನ್ನಿನಲ್ಲಿ ಏನೋ ಲಟಕ್ಕೆಂದಿತು, ಅಲ್ಲೇ ಗೋಡೆ ಹಿಡಿದು ಕುಸಿದಳು. ಆಸ್ಪತ್ರೆಯಲ್ಲಿ ಬೆನ್ನಿನ ಮೂರು ಮೂಳೆಗಳು ಕುಸಿದಿವೆ ಎಂದರು. ನಿಮ್ಮ ಯಜಮಾನರು, ವಯಸ್ಸಾದವರ ಕೈಗೆ ಮಗು ಬಿಟ್ಟು ಹೋಗ್ತಾರೇನೇ ಎಂದು ಎಲ್ಲರೆದುರು ಗದರಿದರು. ಅಂದಿನಿಂದ ನೀನು ಮರಿಯನ್ನು ಅಜ್ಜಿಯ ಹತ್ತಿರ ಬಿಟ್ಟಿಲ್ಲ. ಫೋನಿನಲ್ಲಿ ಅಜ್ಜಿಯ ಮುಖ ತೋರಿಸುವಾಗಲೂ ಮಗುವನ್ನು ಹಿಡಿದೇ ಕೂತಿರುತ್ತೀಯೆ, ಅವಳು ಗಾಜಿನೊಳಗಿಂದ ನುಗ್ಗಿ ಅಮ್ಮನ ಸೊಂಟಕ್ಕೆ ನೇತುಬಿದ್ದಾಳು ಎಂಬಂತೆ.

ಮರಿಯ ತೂಕ ಹತ್ತು ಕಿಲೋ. ಹತ್ತು ಕಿಲೋ ಎತ್ತಿದ್ದಕ್ಕೆ ಮೂರು ಮೂಳೆ ಒಟ್ಟಿಗೆ ಕುಸಿಯುವುದಿಲ್ಲ ಕಣೇ. ಅಮ್ಮನ ಮೂಳೆಗಳು ಅಷ್ಟರೊಳಗೆ ಒಳಗಿನಿಂದ ಟೊಳ್ಳಾಗಿದ್ದವು. ಮಗುವನ್ನು ಎತ್ತದಿದ್ದರೆ ಆ ವಾರ ಒಂದು ಚೊಂಬು ನೀರಿಗೆ ಬಗ್ಗಿದಾಗ, ಇಲ್ಲವೇ ಒಂದು ಸೀನಿಗೆ ಮುರಿಯುತ್ತಿದ್ದವು. ಹೇಗೆಂದು ಹೇಳಬೇಕಾದರೆ ನನ್ನ ಕೆಲಸದ ಒಂದೆರಡು ಮಾತು ಹೇಳಬೇಕು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನಾನು ಮಾಡುವುದನ್ನು ನೀನು ‘ಅಕ್ಕ ಮೂಳೆ ಹೆಚ್ಚುತ್ತಾಳೆ’ ಎಂದು ಹೇಳಿಕೊಂಡು ನಗುತ್ತಿದ್ದೆ. ಹೆಚ್ಚುವುದೇ ಸರಿ. ಮೂಳೆಯ ಚೂರನ್ನು ದಿನಗಟ್ಟಲೆ ದ್ರಾವಣದಲ್ಲಿ ನೆನೆಸಿ ಮೆತ್ತಗಾಗಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕುತ್ತೇನೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಒಂದು ಜಾತಿಯ ಕೋಶಗಳನ್ನು ಎಣಿಸುತ್ತೇನೆ. ಮೂಳೆ ತಿನ್ನುವ ಕೋಶಗಳು.

ಹೆದರಬೇಡ, ಅವು ರೋಗವಲ್ಲ. ನಿನ್ನಲ್ಲೂ ಇವೆ, ಮರಿಯಲ್ಲೂ ಇವೆ. ಮೂಳೆ ಕಲ್ಲಿನ ಹಾಗೆ ಒಮ್ಮೆ ಆಗಿ ಹಾಗೇ ಉಳಿಯುವಂಥದ್ದಲ್ಲ. ಹಳೆಯದನ್ನು ತೋಡಿ ತೆಗೆಯುವ ಕೋಶಗಳಿವೆ, ತೋಡಿದ ಜಾಗಕ್ಕೆ ಹೊಸದು ತುಂಬುವ ಕೋಶಗಳಿವೆ. ತೋಡುವ ಕೋಶ ಹುಟ್ಟುವ ಬಗೆಯೇ ವಿಚಿತ್ರ. ರಕ್ತದಲ್ಲಿ ಬಿಡಿಬಿಡಿಯಾಗಿ ಓಡಾಡುವ ಒಂದು ಬಗೆಯ ಬಿಳಿಯ ಕಣಗಳು ಮೂಳೆಯ ಬಳಿಗೆ ಬರುತ್ತವೆ. ಇಲ್ಲಿ ಕೆಲಸವಿದೆ ಎಂದು ಮೂಳೆಯೊಳಗಿನ ಕೋಶಗಳು ಸಂಕೇತ ಕಳಿಸುತ್ತವೆ. ಸಂಕೇತ ಮುಟ್ಟಿದರೆ ಐದೋ ಹತ್ತೋ ಕಣಗಳು ಒಂದರೊಳಗೊಂದು ಕರಗಿ ಒಂದೇ ದೊಡ್ಡ ಕೋಶವಾಗುತ್ತವೆ. ಬಣ್ಣ ಹಾಕಿದಾಗ ಅದು ಕೆಂಪು ನೇರಳೆಯಾಗಿ ಕಾಣುತ್ತದೆ, ಒಂದೇ ಮೈಯೊಳಗೆ ಹತ್ತು ಬೀಜ. ಮೂಳೆಗೆ ಅಂಚುಗಟ್ಟಿ ಅಂಟಿಕೊಂಡು, ಅಡಿಗೆ ಆಮ್ಲ ಬಿಟ್ಟು, ಗುಳಿ ತೋಡಿ ಸರಿದುಹೋಗುತ್ತದೆ. ತುಂಬುವವು ಹಿಂದಿನಿಂದ ಬಂದು ತುಂಬುತ್ತವೆ. ತೋಡಲು ಕೆಲವು ವಾರ ಸಾಕು, ತುಂಬಲು ತಿಂಗಳುಗಳು ಬೇಕು. ಅಮ್ಮನ ವಯಸ್ಸಿನ ಹೆಂಗಸರಲ್ಲಿ ತೋಡುವವುಗಳ ಕೈ ಮೇಲಾಗುತ್ತದೆ.

ಅದಕ್ಕೇ ಅಮ್ಮನಿಗೆ ಒಂದು ಚುಚ್ಚುಮದ್ದು ಕೊಡುತ್ತಿದ್ದರು. ನಿನಗೆ ಇದು ಗೊತ್ತಿಲ್ಲ, ಏಕೆಂದರೆ ನಾನು ಹೇಳಿಲ್ಲ. ಆರು ತಿಂಗಳಿಗೊಂದು, ತೋಳಿಗೆ. ನಾಲ್ಕು ವರ್ಷಗಳಿಂದ ಒಂದೂ ತಪ್ಪಿರಲಿಲ್ಲ. ಅದು ಆ ಸಂಕೇತವನ್ನು ದಾರಿಯಲ್ಲೇ ಹಿಡಿದಿಡುತ್ತದೆ, ತೋಡುವ ಕೋಶಗಳು ಹುಟ್ಟುವುದೇ ಇಲ್ಲ. ಆದರೆ ಹುಟ್ಟಬೇಕಾಗಿದ್ದವು ಎಲ್ಲಿಗೂ ಹೋಗಿರುವುದಿಲ್ಲ. ಬಿಡಿಬಿಡಿಯಾಗಿ ಕಾಯುತ್ತಿರುತ್ತವೆ. ಒಂದು ಚುಚ್ಚುಮದ್ದಿನ ಬಲ ಇಳಿದು ಇನ್ನೊಂದು ಬೀಳದೇ ಹೋದರೆ, ಕಾದಿದ್ದವೆಲ್ಲ ಒಂದೇ ಸಲಕ್ಕೆ ಕೂಡಿಕೊಂಡು ಮೂಳೆಯ ಮೇಲೆ ಬೀಳುತ್ತವೆ. ಎಂದೂ ತೆಗೆದುಕೊಳ್ಳದವರಿಗಿಂತ ನಡುವೆ ಬಿಟ್ಟವರ ಬೆನ್ನಿಗೇ ಅಪಾಯ ಹೆಚ್ಚು. ಒಂದು ತಿಂಗಳು ತಡವಾದರೆ ಹೇಗೋ ನಡೆದೀತು. ಅದಕ್ಕಿಂತ ತಡವಾಗಬಾರದು.

ಕಳೆದ ವರ್ಷ ಜನವರಿ ಇಪ್ಪತ್ತಕ್ಕೆ ಒಂದು ಆಗಿತ್ತು. ಮುಂದಿನದು ಜುಲೈ ಇಪ್ಪತ್ತು. ಅದು ಆಗಲಿಲ್ಲ. ನವೆಂಬರಿನಲ್ಲಿ ಬೆನ್ನು ಹೋಯಿತು.

ನಾನು ಮರೆತೆ ಎಂದು ಬರೆದರೆ ನೀನು ನಂಬುತ್ತೀಯೆ. ನಿನ್ನೆಯವರೆಗೂ ಹಾಗೇ ಬರೆಯಬೇಕೆಂದಿದ್ದೆ. ನಾನು ಮರೆಯಲಿಲ್ಲ ಪಟಾಕಿ.

ಮೇ ತಿಂಗಳಲ್ಲಿ ನಿನಗೆ ಫೋನ್ ಮಾಡಿ, ಎಂಟು ತಿಂಗಳ ತರಬೇತಿಗೆ ನನ್ನನ್ನು ಆರಿಸಿದ್ದಾರೆ, ಮೂಳೆಯ ಕೆಲಸದಲ್ಲಿ ಹೆಸರಾದ ದೊಡ್ಡ ಡಾಕ್ಟರಮ್ಮನ ಕೈಕೆಳಗೆ, ಅಷ್ಟು ದಿನ ಅಮ್ಮನನ್ನು ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದೆನಲ್ಲ, ಆಗ ನೀನು ಏನಂದೆ ನೆನಪಿದೆಯೆ? ನಿನಗೆ ನೆನಪಿರಲಾರದು. “ಅಯ್ಯೋ ಅಕ್ಕಾ, ಅದಕ್ಕೆ ಇಷ್ಟು ಪೀಠಿಕೆ ಯಾಕೆ? ಅಮ್ಮನ್ನ ನೋಡ್ಕೊಳ್ಳೋದೇನು ಮಹಾ ಕೆಲಸ, ಎರಡು ಹೊತ್ತು ಮಾತ್ರೆ ತಾನೆ?” ಅಂದೆ. ಪ್ರೀತಿಯಿಂದಲೇ ಅಂದೆ, ನನಗೆ ಹಗುರಾಗಲಿ ಎಂದೇ ಅಂದೆ. ನನಗೆ ಮಾತ್ರ ಕಪಾಳಕ್ಕೆ ಹೊಡೆದ ಹಾಗಾಯಿತು. ಅಪ್ಪ ಹೋದ ಮೇಲೆ ಹನ್ನೊಂದು ವರ್ಷ ನಾನು ಮಾಡಿದ್ದು ಎರಡು ಹೊತ್ತಿನ ಮಾತ್ರೆ.

ಜೂನಿನಲ್ಲಿ ಅಮ್ಮನನ್ನು ಬಿಡಲು ಬಂದಾಗ ನಿನ್ನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಲು ಒಂದು ಚೀಟಿ ಬರೆದುಕೊಟ್ಟೆ. ರಕ್ತದೊತ್ತಡದ್ದು, ಸುಣ್ಣದ ಅಂಶದ್ದು, ಕಣ್ಣಿನ ಹನಿ, ಎಲ್ಲ ಸೇರಿ ಒಂಬತ್ತು ಸಾಲು. ಹತ್ತನೆಯದು ಚುಚ್ಚುಮದ್ದು. ಪೆನ್ನು ಅಲ್ಲಿಗೆ ಬಂದು ನಿಂತಿತು. ಮಾತ್ರೆ ತಾನೆ ಅಂದಿದ್ದಾಳೆ, ಮಾತ್ರೆಯಷ್ಟೇ ಬರೆಯೋಣ ಅನಿಸಿತು. ಜುಲೈನಲ್ಲಿ ಫೋನ್ ಮಾಡಿ ಹೇಳಿದರಾಯಿತು, ಆಗಲಾದರೂ ‘ಓ, ಇಷ್ಟೆಲ್ಲ ಇತ್ತಾ ಅಕ್ಕಾ’ ಅನ್ನುತ್ತಾಳೆ ಎಂದುಕೊಂಡು ಪೆನ್ನು ಮುಚ್ಚಿದೆ. ಜೂನಿನಲ್ಲಿ ಅದು ಬರೀ ಸಿಡುಕು. ಅದಕ್ಕೆ ನನ್ನನ್ನು ಕ್ಷಮಿಸಬಹುದೇನೋ.

ಜುಲೈ ಹದಿಮೂರಕ್ಕೆ ಆಸ್ಪತ್ರೆಯಿಂದ ನನ್ನ ಫೋನಿಗೆ ಸಂದೇಶ ಬಂತು, ನಿಮ್ಮ ತಾಯಿಯವರ ಚುಚ್ಚುಮದ್ದು ಇಪ್ಪತ್ತನೆಯ ತಾರೀಖು ಎಂದು. ಹಾಸ್ಟೆಲಿನ ಊಟದ ಮೇಜಿನ ಮುಂದೆ ಕೂತಿದ್ದೆ. ಸಂಜೆ ನಿಮಗೆ ಫೋನ್ ಮಾಡಿದೆ. ಅಮ್ಮ ಬಾಯಿ ತುಂಬ ನಗುತ್ತಿದ್ದಳು. “ಇಲ್ಲಿ ಆರಾಮಾಗಿದೀನಿ ಕಣೇ, ನಿನ್ನ ಥರ ಗದರೋರು ಯಾರೂ ಇಲ್ಲ” ಅಂದಳು. ಹಿಂದಿನಿಂದ ನೀನು ಗಹಗಹಿಸಿ ನಕ್ಕೆ. ನಾನೂ ನಕ್ಕೆ. ಫೋನಿಟ್ಟ ಮೇಲೆ ಹೇಳಲಿಲ್ಲವಲ್ಲ ಎಂದು ಹೊಳೆಯಿತು. ಮತ್ತೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಇವರಲ್ಲಿ ಒಬ್ಬರಿಗಾದರೂ ನೆನಪಾಗುತ್ತದಾ ನೋಡೋಣ ಅಂದುಕೊಂಡೆ. ಅಮ್ಮನಿಗೆ ತನ್ನ ತೋಳು ನೆನಪಾಗುತ್ತದಾ? ನಿನಗೆ, ಅಕ್ಕ ಆರು ತಿಂಗಳಿಗೊಮ್ಮೆ ರಜೆ ಹಾಕಿ ಅಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಳು ಎಂದು ಕೇಳಬೇಕೆನಿಸುತ್ತದಾ? ಪರೀಕ್ಷೆ ಇದೆಯೆಂದು ನಿಮಗೆ ಹೇಳದೆ ನಿಮ್ಮಿಬ್ಬರಿಗೂ ಪರೀಕ್ಷೆ ಇಟ್ಟೆ. ಅದನ್ನು ಇಟ್ಟದ್ದು ಅಮ್ಮನ ಬೆನ್ನಿನ ಮೇಲೆ.

ಆಗಸ್ಟ್ ಮುಗಿಯುವುದರೊಳಗೆ ಹೇಳುತ್ತೇನೆ ಎಂದು ನನಗೆ ನಾನೇ ಗಡುವು ಹಾಕಿಕೊಂಡೆ. ಗಡುವು ದಾಟಿತು. ಸೆಪ್ಟೆಂಬರಿನ ಮೊದಲ ವಾರ ಡಾಕ್ಟರಮ್ಮ ನಮ್ಮನ್ನೆಲ್ಲ ಕರೆದು ಒಂದು ಗಾಜು ತೋರಿಸಿದರು. ಯಾರೋ ಹೆಂಗಸಿನ ಮೂಳೆ, ಇದೇ ಚುಚ್ಚುಮದ್ದು ನಡುವೆ ನಿಂತವಳದ್ದು. ಕಣ್ಣಿಟ್ಟು ನೋಡಿದೆ. ಸಾಮಾನ್ಯವಾಗಿ ಹುಡುಕಿ ಹುಡುಕಿ ಎರಡೋ ಮೂರೋ ಎಣಿಸುವ ಜಾಗದಲ್ಲಿ ಕೆಂಪು ನೇರಳೆ ಬಿಟ್ಟು ಬೇರೆ ಬಣ್ಣವೇ ಇಲ್ಲ. ಮೂಳೆಯ ಅಂಚಿನುದ್ದಕ್ಕೂ ಸಾಲುಗಟ್ಟಿ ಕಚ್ಚಿಕೊಂಡಿದ್ದವು. ಎಣಿಸಿ ಹೇಳಿ ಅಂದರು. ಎಣಿಸುತ್ತ ಎರಡು ಸಲ ಲೆಕ್ಕ ತಪ್ಪಿದೆ. “ಯಾಕ್ರೀ, ಹುಷಾರಿಲ್ವಾ?” ಎಂದು ಕೇಳಿದರು. ಚಹಾ ಕುಡಿದಿರಲಿಲ್ಲ ಎಂದೆ.

ಅವತ್ತು ಫೋನ್ ಕೈಗೆತ್ತಿಕೊಂಡೆ. ಆಣೆ ಮಾಡಿ ಹೇಳುತ್ತೇನೆ, ಎತ್ತಿಕೊಂಡೆ. ಆದರೆ ಹೇಗೆ ಶುರು ಮಾಡುವುದು? ತಕ್ಷಣ ಕರೆದುಕೊಂಡು ಹೋಗು ಎಂದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತೀಯೆ. ಎರಡು ತಿಂಗಳ ಹಿಂದೆ ಹೇಳಿದ್ದರೆ ಒಂದು ನಗುವಿನಲ್ಲಿ ಮುಗಿಯುತ್ತಿತ್ತು. ಈಗ ಹೇಳಬೇಕೆಂದರೆ ಎರಡು ತಿಂಗಳು ಬೇಕೆಂದೇ ಬಾಯಿಗೆ ಬೀಗ ಹಾಕಿಕೊಂಡಿದ್ದೆ ಎಂಬುದನ್ನೂ ಹೇಳಬೇಕು. ಹೇಳದ ಒಂದೊಂದು ದಿನವೂ ಮಾರನೆಯ ದಿನ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡಿತು. ಏನೂ ಆಗುವುದಿಲ್ಲ, ಎಲ್ಲರಿಗೂ ಆಗುತ್ತದೆಯೇ ಎಂದು ಸಮಾಧಾನ ಮಾಡಿಕೊಂಡೆ. ದಿನಾ ಬೆಳಿಗ್ಗೆ ಆ ಕೋಶಗಳನ್ನು ಎಣಿಸುತ್ತಿದ್ದವಳು ನಾನು, ಸಂಜೆಗೆ ಹಾಗೆಂದುಕೊಂಡು ಮಲಗುತ್ತಿದ್ದವಳೂ ನಾನೇ.

ನವೆಂಬರಿನಲ್ಲಿ ನಿನ್ನ ಫೋನ್ ಬಂತು. ನೀನು ಅಳುತ್ತ, ಮಗು ಎತ್ತಿದ್ಲು ಅಕ್ಕಾ, ನಾನು ಮೇಲಿದ್ದೆ ಅಕ್ಕಾ ಎಂದೆ. ಇನ್ನು ಬರೆಯಲಿರುವುದು ಇದೆಲ್ಲಕ್ಕಿಂತ ಕೆಟ್ಟದ್ದು. ಆ ಕ್ಷಣ ನನ್ನೊಳಗೆ ಏನೋ ಸಡಿಲವಾಯಿತು. ಓ, ಇವಳಿಗೆ ಒಂದು ಕಾರಣ ಸಿಕ್ಕಿದೆ, ನನ್ನದು ಬೇಕಾಗಿಲ್ಲ ಎಂದು.

ಮಾರನೆಯ ದಿನ ಬಸ್ಸಿಳಿದು ಬಂದು ನಿಮ್ಮ ಮನೆಯ ನಡುಮನೆಯಲ್ಲಿ ನಿಂತು ನಾನು ಏನು ಕೂಗಾಡಿದೆ ಎಂಬುದು ನಿನಗೆ ಗೊತ್ತು. “ಎಂಟು ತಿಂಗಳು ನೋಡ್ಕೊಳ್ಳೋಕಾಗಲಿಲ್ವಾ ನಿನ್ನ ಕೈಲಿ? ಹನ್ನೊಂದು ವರ್ಷ ನನ್ನ ಹತ್ರ ಒಂದು ಗೀರು ಬಿದ್ದಿರಲಿಲ್ಲ” ಅಂದೆ. ನಿಮ್ಮ ಯಜಮಾನರು ತಲೆ ತಗ್ಗಿಸಿ ನಿಂತಿದ್ದರು. ನೀನು, ಚಿಕ್ಕಂದಿನಿಂದ ಒಂದು ಮಾತಿಗೆ ಹತ್ತು ಮಾತು ಸಿಡಿಸುವ ನೀನು, ಒಂದೂ ಮಾತಾಡಲಿಲ್ಲ. ಮರಿಯ ಕಾಲುಚೀಲವನ್ನು ಕೈಯಲ್ಲಿ ಹಿಸುಕುತ್ತ ನಿಂತಿದ್ದೆ. ಅಂದಿನಿಂದ ನೀನು ಸಿಡಿದೇ ಇಲ್ಲ. ನಾಲ್ಕು ತಿಂಗಳಿಂದ ಪ್ರತಿ ವಾರ ನೀನು ಕ್ಷಮೆ ಕೇಳುತ್ತೀಯೆ, ಆಗಲಿ ಬಿಡು ಎಂದು ನಾನು ಕ್ಷಮಿಸುತ್ತೇನೆ. ಕ್ಷಮಿಸಿಬಿಟ್ಟು ನೆಮ್ಮದಿಯಾಗಿ ಊಟ ಮಾಡುತ್ತಿದ್ದೆ ಎಂದರೆ ನಂಬುತ್ತೀಯಾ?

ಈಗಿನ ನಮ್ಮ ದಿನ ಹೇಗಿದೆ ಎಂದು ನೀನು ಕೇಳುತ್ತಲೇ ಇರುತ್ತೀಯೆ, ನಾನು ಹಾರಿಸಿ ಮಾತಾಡುತ್ತೇನೆ. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಡಿಸೆಂಬರಿನಿಂದ ಅಮ್ಮ ಕೆಳಗಿಳಿದದ್ದು ಎರಡೇ ಸಲ, ಎರಡು ಸಲವೂ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ಇಳಿಸಿದರು. ಬೆನ್ನಿಗೆ ಬೆಲ್ಟ್ ಕಟ್ಟದೆ ಕೂರುವಂತಿಲ್ಲ, ಕಟ್ಟಿದರೆ ಉಸಿರು ಕಟ್ಟುತ್ತದೆ ಎಂದು ಬೈಯುತ್ತಾಳೆ. ಎತ್ತರ ನಾಲ್ಕು ಬೆರಳು ಕಮ್ಮಿಯಾಗಿದ್ದಾಳೆ. ಕನ್ನಡಿಯ ಮೊಳೆಯನ್ನು ಕೆಳಗೆ ಹೊಡೆದುಕೊಟ್ಟೆ. ಕರೆಯಬೇಕಾದರೆ ಮಂಚದ ಕಂಬಿಗೆ ಸ್ಟೀಲಿನ ಲೋಟ ಬಡಿಯುತ್ತಾಳೆ. ನಾನು ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ದರ್ಜಿ ಹೆಂಗಸು ತನ್ನ ಹೊಲಿಗೆ ತಂದು ಇಲ್ಲೇ ಕೂರುತ್ತಾರೆ. ಅವರು ಐದಕ್ಕೆ ಏಳುತ್ತಾರೆ, ಐದಕ್ಕೆ ನಾನು ಬಾಗಿಲಲ್ಲಿರಬೇಕು. ಬಸ್ಸು ತಡವಾದರೆ ನಿಲ್ದಾಣದಿಂದ ಓಡುತ್ತೇನೆ. ನಲವತ್ತೇಳರ ಹೆಂಗಸು ಚೀಲ ಎದೆಗವಚಿಕೊಂಡು ಓಡುವುದನ್ನು ನೋಡಿ ಬೀದಿಯವರು ನಗುತ್ತಾರೆ, ನಗಲಿ.

ನಿನ್ನ ಪತ್ರ ಇದಕ್ಕೆಲ್ಲ ಬಾಗಿಲು ತೆಗೆದಿತ್ತು. ಸುಳ್ಳು ಹೇಳುವುದಿಲ್ಲ, ಬುಧವಾರ, ಗುರುವಾರ ಎರಡು ದಿನ ನಾನು ಆ ಬಾಗಿಲಿನಿಂದಾಚೆ ಓಡಾಡಿದೆ. ಜೂನಿಗೆ ಮತ್ತೆ ಒಂದು ಜಾಗ ಖಾಲಿಯಿದೆ, ಉಳಿದದ್ದನ್ನು ಮುಗಿಸಿ ಅಲ್ಲೇ ಕೆಲಸಕ್ಕೆ ನಿಲ್ಲಬಹುದು ಎಂದು ಡಾಕ್ಟರಮ್ಮ ಬರೆದಿದ್ದರು. ಹಾಸ್ಟೆಲಿನ ಕಿಟಕಿ, ನನ್ನದೇ ಹೆಸರಿನ ಚೀಟಿ ಅಂಟಿಸಿದ ಮೇಜಿನ ಖಾನೆ, ಸಂಜೆ ಯಾರಿಗೂ ಹೇಳದೆ ಬೀದಿ ಸುತ್ತಿ ಬರುವುದು, ಎಲ್ಲ ಕಣ್ಣ ಮುಂದೆ ಬಂತು. ನಾನು ಸುಮ್ಮನಿದ್ದರೆ ಸಾಕಿತ್ತು. ನೀನೇ ನಿನ್ನ ಕೈಯಾರೆ ಎಲ್ಲ ಬಿಟ್ಟು ಬರುತ್ತಿದ್ದೆ. ಹದಿಮೂರು ವರ್ಷ ಬಟ್ಟೆ ಕತ್ತರಿಸಿ, ಆ ಕಾರ್ಖಾನೆಯಲ್ಲಿ ಮೊದಲ ಹೆಣ್ಣು ಕಟಿಂಗ್ ಮಾಸ್ಟರ್ ಆಗಿ ಒಂದು ವರ್ಷ ತುಂಬಿಲ್ಲ ನಿನಗೆ. ಅದನ್ನು ನನ್ನ ಸುಳ್ಳಿಗೆ ಕೊಟ್ಟು ಬರುತ್ತಿದ್ದೆ.

ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಹಾಗಾಗಿ ಶುಕ್ರವಾರ ಮೊದಲು ಡಾಕ್ಟರಮ್ಮನಿಗೆ ಬರಲಾಗುವುದಿಲ್ಲ ಎಂದು ಬರೆದು ಅಂಚೆಗೆ ಹಾಕಿದೆ. ಅದು ಡಬ್ಬಿಯೊಳಗೆ ಬಿದ್ದ ಮೇಲೆಯೇ ನಿನಗೆ ಬರೆಯುವ ಧೈರ್ಯ ಬಂದದ್ದು. ತ್ಯಾಗ ಗೀಗ ಅಂದುಕೊಳ್ಳಬೇಡ. ಅಂಚೆ ಡಬ್ಬಿಯ ಮುಂದೆ ನಿಂತು ಹತ್ತು ನಿಮಿಷ ಅತ್ತಿದ್ದೇನೆ, ನಿನ್ನ ಮೇಲೂ ಅಮ್ಮನ ಮೇಲೂ ಕೋಪ ಮಾಡಿಕೊಂಡಿದ್ದೇನೆ. ಮನೆಗೆ ಬಂದು ಅಮ್ಮನ ಬೆಲ್ಟನ್ನು ಬೇಕಾದದ್ದಕ್ಕಿಂತ ಬಿಗಿಯಾಗಿ ಎಳೆದಿದ್ದೇನೆ. ಆಮೇಲೆ ಸಡಿಲ ಮಾಡಿದೆ.

ಮೂರು ಮಾತು ಕೇಳುತ್ತೇನೆ. ಈ ಕಾಗದವನ್ನು ನಿಮ್ಮ ಯಜಮಾನರಿಗೆ ಓದಿಸು, ಅವರು ನಿನ್ನನ್ನು ಗದರಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿ. ಮರಿಯನ್ನು ಕರೆದುಕೊಂಡು ಒಂದು ವಾರ ಬಾ, ಅವಳು ಅಜ್ಜಿಯ ಪಕ್ಕ ಮಂಚದ ಮೇಲೆ ಮಲಗಲಿ. ಪಕ್ಕ ಮಲಗಿದರೆ ಏನೂ ಆಗುವುದಿಲ್ಲ, ನಾನು ಕೇಳಿದ್ದೇನೆ. ಇನ್ನೊಂದು, ಡಿಸೆಂಬರ್ ಹನ್ನೆರಡಕ್ಕೆ ಅಮ್ಮನಿಗೆ ಮತ್ತೆ ಚುಚ್ಚುಮದ್ದು ಶುರುವಾಗಿದೆ. ಡಾಕ್ಟರು ಹೇಳುವವರೆಗೆ ಅದು ನಿಲ್ಲುವಂತಿಲ್ಲ. ಮುಂದಿನದು ಜೂನ್ ಹನ್ನೆರಡು. ನಿನ್ನ ಫ್ರಿಜ್ಜಿನ ಮೇಲೆ ಬರೆದುಕೋ. ನನ್ನೊಬ್ಬಳ ತಲೆಯಲ್ಲಿ ಅದು ಇರುವುದು ಬೇಡ. ನನ್ನ ತಲೆ ಎಂಥದ್ದು ಎಂದು ಈಗ ನಿನಗೆ ಗೊತ್ತಾಯಿತಲ್ಲ.

ಕ್ಷಮಿಸು ಎಂದು ಬರೆಯುವುದಿಲ್ಲ. ನಾಲ್ಕು ತಿಂಗಳು ಆ ಮಾತನ್ನು ನಿನ್ನ ಬಾಯಲ್ಲಿ ಕೇಳಿ ಕೇಳಿ, ಅದು ಎಷ್ಟು ಸುಲಭವಾಗಿ ಇಸಿದುಕೊಳ್ಳುವ ವಸ್ತು ಎಂದು ನನಗೆ ತಿಳಿದಿದೆ. ನೀನು ಫೋನ್ ಮಾಡಿ ಬೈಯಿ. ಅಮ್ಮನಿಗೆ ಕೇಳಿಸಿದರೂ ಪರವಾಗಿಲ್ಲ. ಇದನ್ನು ಅಂಟಿಸುವ ಮೊದಲು ಅವಳಿಗೂ ಓದಿ ಹೇಳುತ್ತೇನೆ.

ಲೋಟ ಬಡಿಯುತ್ತಿದ್ದಾಳೆ. ಬಂದೆ ಎಂದು ಕೂಗಿದ್ದೇನೆ.

ನಿನ್ನ ಮೇಲೆ ಕೂಗಾಡಿದ, ಆದರೂ ನಿನ್ನವಳೇ ಆದ,
ಅಕ್ಕ

ಮತ್ತೆ ಬರೆದದ್ದು: ಸೋಮವಾರ ಬೆಳಿಗ್ಗೆ. ನಿನ್ನೆ ಸಂಜೆ ಅಮ್ಮನಿಗೆ ಎಲ್ಲ ಓದಿದೆ. ಸೂರು ನೋಡುತ್ತ ಕೇಳಿದಳು. ಮುಗಿದ ಮೇಲೆ, “ಆಸ್ಪತ್ರೆಯವರು ನಂಗೂ ಫೋನ್ ಮಾಡಿದ್ರು ಕಣೇ, ಆಗಸ್ಟಲ್ಲಿ. ನಿನ್ನ ಫೋನು ಯಾರೂ ಎತ್ತಲಿಲ್ವಂತೆ” ಅಂದಳು. ನೀನೇನು ಹೇಳಿದೆ ಎಂದು ಕೇಳಿದೆ. “ದೊಡ್ಡ ಮಗಳು ಊರಲ್ಲಿಲ್ಲ, ಬಂದ್ಮೇಲೆ ಬರ್ತೀವಿ ಅಂದೆ. ಚಿಕ್ಕವಳಿಗೆ ಹೇಳಿದ್ರೆ ಅವಳು ನಿನಗೆ ಫೋನ್ ಹಚ್ಚೋಳು, ನೀನು ಮಾರನೇ ದಿನಾನೇ ಎಲ್ಲ ಬಿಟ್ಟು ಬಸ್ ಹತ್ತೋಳು. ಅಷ್ಟು ವರ್ಷಕ್ಕೆ ಒಂದ್ಸಲ ನೀನು ಹೋಗಿದ್ದೆ. ಒಂದು ಸೂಜಿ ತಪ್ಪಿದ್ರೆ ಏನಾಗುತ್ತೆ ಅಂದ್ಕೊಂಡೆ.” ಒಂದು ಸೂಜಿ ತಪ್ಪಿದರೆ ಏನಾಗುತ್ತದೆ ಎಂದು ನಾನು ಅವಳಿಗೂ ಯಾವತ್ತೂ ಹೇಳಿರಲಿಲ್ಲ. ಆಮೇಲೆ ಬೆಲ್ಟ್ ಬಿಚ್ಚು ಅಂದಳು, ಬಿಚ್ಚಿದೆ. ಇದನ್ನು ಮಾತ್ರ ಚಿಕ್ಕವಳಿಗೆ ಬರೀಬೇಡ, ಪಾಪ, ನೊಂದ್ಕೋತಾಳೆ ಅಂದಳು. ಆಗಲಿ ಎಂದೆ. ಬರೆದಿದ್ದೇನೆ.